ಕುರ್ಚಿ ಕೇಳುವ ಮುಂಚೆ: ನಾಯಕತ್ವದ ನಿಲುವು, ವೃತ್ತಿಯ ಗುರಿ ಬರೆಯುವ ಬಗೆ

ವಿಭಾಗ ಮುಖ್ಯಸ್ಥರ ಹುದ್ದೆಗೋ ಡೀನ್ ಹುದ್ದೆಗೋ ಅರ್ಜಿ ತುಂಬಲು ಕೂತವರ ಕೈ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ನಿಂತುಬಿಡುತ್ತದೆ. ‘ನಾಯಕತ್ವದ ಬಗ್ಗೆ ನಿಮ್ಮ ನಿಲುವನ್ನೂ ವೃತ್ತಿಯ ಗುರಿಗಳನ್ನೂ ಎರಡು ಪುಟದಲ್ಲಿ ಬರೆಯಿರಿ’ ಅಂತ ಅಲ್ಲಿ ಕೇಳಿರುತ್ತಾರೆ. ಎಷ್ಟು ವರ್ಷ ಪಾಠ ಮಾಡಿದ್ದೀರಿ, ಎಷ್ಟು ಲೇಖನ ಪ್ರಕಟವಾಗಿದೆ, ಎಷ್ಟು ಜನರಿಗೆ ಪಿಎಚ್‌ಡಿ ಮಾರ್ಗದರ್ಶನ ಕೊಟ್ಟಿದ್ದೀರಿ, ಇವನ್ನೆಲ್ಲ ಅರ್ಧ ಗಂಟೆಯಲ್ಲಿ ತುಂಬಿದವರು ಈ ಎರಡು ಪುಟದ ಮುಂದೆ ವಾರಗಟ್ಟಲೆ ಕೂರುತ್ತಾರೆ.

ಕೊನೆಗೆ ಗಡುವು ಹತ್ತಿರ ಬಂದಾಗ ಏನೋ ಒಂದು ಬರೆದು ಕಳಿಸುತ್ತಾರೆ. ಪಾರದರ್ಶಕತೆ, ತಂಡದ ಮನೋಭಾವ, ಗುಣಮಟ್ಟ, ಎಲ್ಲರನ್ನೂ ಒಳಗೊಳ್ಳುವುದು. ಆಯ್ಕೆ ಸಮಿತಿಯಲ್ಲಿ ಕೂತು ಇಂಥ ಬರಹಗಳನ್ನು ನಾನು ಸಾಕಷ್ಟು ಓದಿದ್ದೇನೆ. ಹೆಸರು ಮುಚ್ಚಿಟ್ಟರೆ ಯಾವುದು ಯಾರದ್ದು ಅಂತ ಹೇಳಲು ಆಗುವುದಿಲ್ಲ. ಬರೆದವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಅವರಲ್ಲಿ ಎಷ್ಟೋ ಜನ ನಿಜವಾಗಿ ಒಳ್ಳೆಯ ಕೆಲಸ ಮಾಡಿದವರೇ. ಆ ಕೆಲಸ ಮಾತ್ರ ಪುಟದ ಮೇಲೆ ಬಂದಿರುವುದಿಲ್ಲ.

ಅದನ್ನು ಪುಟದ ಮೇಲೆ ತರುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ನನ್ನ ಮಟ್ಟಿಗೆ ಇದರ ತಿರುಳು ಇಷ್ಟು: ನಿಮ್ಮ ನಿಲುವು ನೀವು ಈಗಾಗಲೇ ತೆಗೆದುಕೊಂಡ ಕಷ್ಟದ ನಿರ್ಧಾರಗಳಲ್ಲಿ ಇರುತ್ತದೆ. ನಿಮ್ಮ ಗುರಿ ನೀವು ಬಗೆಹರಿಸಲು ಹೊರಟ ಸಮಸ್ಯೆಯಲ್ಲಿ ಇರುತ್ತದೆ. ಎರಡನ್ನೂ ಹೊಸದಾಗಿ ಕಟ್ಟುವ ಅಗತ್ಯ ಇಲ್ಲ, ಇರುವ ಕಡೆ ಹುಡುಕಿದರೆ ಸಾಕು.

ಮೊದಲು ನಿರ್ಧಾರಗಳ ಪಟ್ಟಿ

ಕಂಪ್ಯೂಟರ್ ಪಕ್ಕಕ್ಕಿಡಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕಳೆದ ಐದಾರು ವರ್ಷಗಳಲ್ಲಿ ನೀವು ತೆಗೆದುಕೊಂಡ, ಯಾರಿಗೋ ಒಬ್ಬರಿಗೆ ಬೇಸರ ತಂದ ನಿರ್ಧಾರಗಳನ್ನು ಬರೆಯುತ್ತಾ ಹೋಗಿ. ಹತ್ತಾದರೂ ಸಿಗಬೇಕು. ಎಲ್ಲರೂ ಚಪ್ಪಾಳೆ ತಟ್ಟಿದ ಕೆಲಸಗಳು ಈ ಪಟ್ಟಿಗೆ ಬೇಡ. ಅವುಗಳಿಂದ ನಿಮ್ಮ ಬಗ್ಗೆ ಜಾಸ್ತಿ ಏನೂ ತಿಳಿಯುವುದಿಲ್ಲ. ಎರಡು ಒಳ್ಳೆಯ ವಿಷಯಗಳ ನಡುವೆ ಒಂದನ್ನು ಬಿಡಬೇಕಾಗಿ ಬಂದ ಸಂದರ್ಭ, ಹಣ ಕಡಿಮೆ ಇದ್ದಾಗ ಯಾವುದಕ್ಕೆ ಕೊಟ್ಟಿರಿ ಯಾವುದಕ್ಕೆ ಇಲ್ಲ ಅಂದಿರಿ, ಇಂಥವು ಬೇಕು.

‘ನಾನು ಇನ್ನೂ ಯಾವ ಹುದ್ದೆಯಲ್ಲೂ ಕೂತಿಲ್ಲವಲ್ಲ’ ಅಂತ ಹಲವರು ಹೇಳುತ್ತಾರೆ. ಹುದ್ದೆ ಇಲ್ಲದೆಯೂ ನಿರ್ಧಾರಗಳು ಇದ್ದೇ ಇರುತ್ತವೆ. ಸಿಲಬಸ್ ಪರಿಷ್ಕರಣೆ ಸಮಿತಿಯಲ್ಲಿ ನಿಮಗೆ ಇಷ್ಟವಾದ ಒಂದು ಅಧ್ಯಾಯವನ್ನು ನೀವೇ ತೆಗೆದುಹಾಕಲು ಒಪ್ಪಿದ್ದು. ಪರೀಕ್ಷೆಯಲ್ಲಿ ನಕಲು ಮಾಡಿದ ವಿದ್ಯಾರ್ಥಿಯ ವಿಷಯದಲ್ಲಿ ಏನು ಮಾಡಿದಿರಿ ಅನ್ನುವುದು. ನಿಮ್ಮ ಲ್ಯಾಬ್‌ನಲ್ಲಿ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಲೇಖನದ ಮೊದಲ ಹೆಸರಿಗಾಗಿ ಜಗಳಕ್ಕೆ ನಿಂತಾಗ ಹೇಗೆ ಬಗೆಹರಿಸಿದಿರಿ ಅನ್ನುವುದು. ಇವೆಲ್ಲ ನಾಯಕತ್ವವೇ ಅಲ್ವಾ?

ಪ್ರತಿಯೊಂದರ ಮುಂದೆ ನಾಲ್ಕು ಸಾಲು ಬರೆಯಿರಿ. ನನ್ನ ಮುಂದೆ ಇದ್ದ ದಾರಿಗಳು ಯಾವುವು. ಯಾವುದನ್ನು ಆರಿಸಿದೆ. ಅದರಿಂದ ಯಾರಿಗೆ ನಷ್ಟವಾಯಿತು. ಈಗ ಮತ್ತೆ ಆ ಜಾಗದಲ್ಲಿ ನಿಂತರೆ ಏನು ಬೇರೆ ಮಾಡುತ್ತೇನೆ.

ನನ್ನ ಪಟ್ಟಿಯಿಂದಲೇ ಒಂದನ್ನು ಪೂರ್ತಿ ಹೇಳುತ್ತೇನೆ. ವಿಭಾಗದ ಜವಾಬ್ದಾರಿ ಮೊದಲ ಸಲ ಬಂದಾಗ ಹಳೆಯ ಟೈಮ್ ಟೇಬಲ್ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಪೆನ್ಸಿಲ್‌ನಲ್ಲಿ ಬರೆದ ದೊಡ್ಡ ಹಾಳೆ. ಅಳಿಸಿ ಅಳಿಸಿ ಕೆಲವು ಕಡೆ ಕಾಗದವೇ ತೆಳ್ಳಗಾಗಿತ್ತು. ಬೆಳಗ್ಗೆ 8ರ ತರಗತಿಗಳೆಲ್ಲ, ಸಂಜೆಯ ಕೊನೆಯ ತರಗತಿಗಳೆಲ್ಲ, ಹೊಸದಾಗಿ ಸೇರಿದ ಇಬ್ಬರ ಹೆಸರಿನಲ್ಲಿದ್ದವು. ಹಿರಿಯರ ಹೆಸರುಗಳೆಲ್ಲ 10ರಿಂದ 1ರ ನಡುವೆ. ಯಾರೋ ಬೇಕಂತಲೇ ಮಾಡಿದ ಅನ್ಯಾಯ ಅದಲ್ಲ. ಒಂದು ವರ್ಷದ ಹಾಳೆ ನೋಡಿ ಇನ್ನೊಂದು ವರ್ಷದ್ದು ಬರೆಯುತ್ತಾ ಬಂದಿದ್ದರು, ಅಷ್ಟೇ. ಆದರೆ ಆ 8ರ ತರಗತಿಗಳೆಲ್ಲ ಮೊದಲ ವರ್ಷದವರದ್ದು. ಕಾಲೇಜಿಗೆ ಆಗ ತಾನೇ ಕಾಲಿಟ್ಟ ಮಕ್ಕಳು ಹೋಗಿ ಸೇರುತ್ತಿದ್ದದ್ದು ವಿಭಾಗದಲ್ಲೇ ಅತಿ ಕಡಿಮೆ ಅನುಭವ ಇದ್ದವರ ಕೈಗೆ.

8ರ ಮೊದಲ ತರಗತಿಗೆ ನನ್ನ ಹೆಸರು ಬರೆದುಕೊಂಡೆ. ಆಮೇಲೆ ಹಾಳೆ ಹಿಡಿದು ಹಿರಿಯರ ರೂಮುಗಳಿಗೆ ಒಬ್ಬೊಬ್ಬರ ಬಳಿ ಹೋದೆ. ಇಬ್ಬರು ಕೂಡಲೇ ಒಪ್ಪಿದರು. ಒಬ್ಬರು ಆಗುವುದಿಲ್ಲ ಅಂದರು. ಬೆಳಗಿನ ಹೊತ್ತು ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯನ್ನು ಅವರೇ ನೋಡಿಕೊಳ್ಳಬೇಕಿತ್ತು. ಇಷ್ಟು ವರ್ಷ ಪಕ್ಕದ ರೂಮಿನಲ್ಲಿದ್ದೂ ನನಗೆ ಅದು ಗೊತ್ತಿರಲಿಲ್ಲ. ಅವರ ತರಗತಿಯನ್ನು ಸಂಜೆಗೆ ಹಾಕಿದೆವು. ಇನ್ನೊಬ್ಬರು ಒಪ್ಪಿದರು, ಆದರೆ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇದೊಂದು ಸಣ್ಣ ಘಟನೆ. ಆದರೆ ನಾಯಕತ್ವದ ಬಗ್ಗೆ ನಾನು ನಂಬುವ ಎರಡು ಮಾತುಗಳು ಇದರಿಂದಲೇ ಬಂದಿವೆ. ಕಷ್ಟದ ಪಾಲು ಹಂಚುವಾಗ ಹಂಚುವವರ ಹೆಸರು ಮೊದಲು ಬರಬೇಕು. ನಿರ್ಧಾರವನ್ನು ನೋಟಿಸ್ ಬೋರ್ಡಿಗೆ ಹಾಕುವ ಮುಂಚೆ ಅದರಿಂದ ತೊಂದರೆಯಾಗುವವರ ಎದುರು ಹೋಗಿ ಕೂರಬೇಕು. ಬರೀ ಯೋಚನೆ ಮಾಡುತ್ತಾ ಕೂತಿದ್ದರೆ ಈ ಎರಡು ಸಾಲು ನನಗೆ ಹೊಳೆಯುತ್ತಿರಲಿಲ್ಲ.

ಈ ಹಂತಕ್ಕೆ ಒಂದು ವಾರ ಕೊಡಿ. ಅವಸರ ಮಾಡಬೇಡಿ. ಮೊದಲ ದಿನ ನೆನಪಾಗುವುದು ಎಲ್ಲರಿಗೂ ಹೇಳಿ ಹೇಳಿ ರೂಢಿಯಾದ ಕಥೆಗಳು. ನಾಲ್ಕನೇ ದಿನದ ಹೊತ್ತಿಗೆ ನಿಜವಾದವು ಬರಲು ಶುರುವಾಗುತ್ತವೆ.

ಉಲ್ಟಾ ಹೇಳಿ ನೋಡಿ

ಪಟ್ಟಿ ಮುಗಿದ ಮೇಲೆ ಪ್ರತಿ ನಿರ್ಧಾರದ ಕೆಳಗೆ ಯಾವ ನಂಬಿಕೆ ಇದೆ ಅಂತ ಒಂದೊಂದು ವಾಕ್ಯದಲ್ಲಿ ಬರೆಯಿರಿ. ಹತ್ತು ನಿರ್ಧಾರಗಳ ಕೆಳಗೆ ಮೂರೋ ನಾಲ್ಕೋ ನಂಬಿಕೆಗಳು ಮತ್ತೆ ಮತ್ತೆ ಕಾಣಿಸುತ್ತವೆ. ಅವೇ ನಿಮ್ಮವು.

ಈಗ ಅವುಗಳಿಗೆ ಒಂದು ಪರೀಕ್ಷೆ. ಆ ವಾಕ್ಯವನ್ನು ಉಲ್ಟಾ ಮಾಡಿ ಹೇಳಿ. ಬುದ್ಧಿ ಇರುವ ಒಬ್ಬ ಸಹೋದ್ಯೋಗಿ ಆ ಉಲ್ಟಾ ಮಾತನ್ನು ನಿಜವಾಗಿ ನಂಬಬಹುದಾ? ‘ಗುಣಮಟ್ಟ ಮುಖ್ಯ’ ಅನ್ನುವುದನ್ನು ತಿರುಗಿಸಿದರೆ ‘ಗುಣಮಟ್ಟ ಮುಖ್ಯ ಅಲ್ಲ’ ಅಂತಾಗುತ್ತದೆ. ಹಾಗೆ ಹೇಳುವವರು ಯಾರೂ ಇಲ್ಲ. ಹಾಗಾಗಿ ಆ ವಾಕ್ಯ ಬರೆದರೂ ಒಂದೇ, ಬಿಟ್ಟರೂ ಒಂದೇ. ‘ಮೊದಲ ವರ್ಷದ ತರಗತಿಗಳಿಗೆ ವಿಭಾಗದ ಅತ್ಯಂತ ಅನುಭವಿ ಶಿಕ್ಷಕರು ಹೋಗಬೇಕು’ ಅನ್ನುವುದನ್ನು ತಿರುಗಿಸಿ ನೋಡಿ. ‘ಅನುಭವಿಗಳು ಸಂಶೋಧನೆಗೆ, ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಸಮಯ ಕೊಡಬೇಕು, ಮೊದಲ ವರ್ಷಕ್ಕೆ ಹೊಸಬರ ಹುರುಪು ಸಾಕು’ ಅಂತ ನಂಬುವ ಒಳ್ಳೆಯ ಪ್ರಾಧ್ಯಾಪಕರು ಬೇಕಾದಷ್ಟು ಇದ್ದಾರೆ. ಅಂದಮೇಲೆ ನಿಮ್ಮದು ಒಂದು ನಿಲುವು. ಅದರ ಪರವಾಗಿ ನೀವು ವಾದ ಮಾಡಬೇಕಾಗುತ್ತದೆ, ಓದುವವರಿಗೂ ಒಪ್ಪಲು ಅಥವಾ ಒಪ್ಪದಿರಲು ಏನೋ ಒಂದು ಸಿಗುತ್ತದೆ.

ಮಾತು ಯಾವಾಗ ನಿಲುವಾಗುತ್ತದೆ ಅನ್ನುವುದಕ್ಕೆ ನನಗೆ ಯಾವಾಗಲೂ ನೆನಪಾಗುವವರು ರೂತ್ ಸಿಮನ್ಸ್. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯಕ್ಕೆ 2001ರಲ್ಲಿ ಅಧ್ಯಕ್ಷರಾದವರು, ಅಂದರೆ ನಮ್ಮ ಕಡೆಯ ಕುಲಪತಿಯಂತೆ ಇಡೀ ಸಂಸ್ಥೆಯ ಮುಖ್ಯಸ್ಥರು. ಐವಿ ಲೀಗ್ ಅನ್ನುವ, ಅಲ್ಲಿನ ಎಂಟು ಹಳೆಯ ಹೆಸರಾಂತ ಸಂಸ್ಥೆಗಳ ಗುಂಪಿನ ವಿಶ್ವವಿದ್ಯಾಲಯವೊಂದರ ಅಧ್ಯಕ್ಷ ಸ್ಥಾನಕ್ಕೆ ಬಂದ ಮೊದಲ ಕಪ್ಪು ವ್ಯಕ್ತಿ. ‘ಸತ್ಯ ಹುಡುಕುವುದು ವಿಶ್ವವಿದ್ಯಾಲಯದ ಕೆಲಸ’ ಅಂತ ಯಾವ ಅಧ್ಯಕ್ಷರು ಬೇಕಾದರೂ ಭಾಷಣದಲ್ಲಿ ಹೇಳಬಹುದು. ಸಿಮನ್ಸ್ 2003ರಲ್ಲಿ ಒಂದು ಸಮಿತಿ ಮಾಡಿ, 1764ರಲ್ಲಿ ಶುರುವಾದ ತಮ್ಮದೇ ಸಂಸ್ಥೆಗೆ ಗುಲಾಮಗಿರಿಯ ಜೊತೆ, ಗುಲಾಮರ ವ್ಯಾಪಾರದ ಜೊತೆ ಏನು ನಂಟಿತ್ತು ಅಂತ ಹುಡುಕಲು ಹೇಳಿದರು. 2006ರಲ್ಲಿ ವರದಿ ಬಂತು. ಆ ನಂಟನ್ನು ಅದು ಬಿಚ್ಚಿಟ್ಟಿತು. ತಮ್ಮ ಮನೆಯ ಅಡಿಪಾಯವನ್ನೇ ಅಗೆದು ನೋಡಲು ಒಪ್ಪಿದ್ದರಿಂದ ಆ ಸವೆದುಹೋದ ವಾಕ್ಯಕ್ಕೆ ತೂಕ ಬಂತು. ನಮ್ಮ ನಿಮ್ಮ ನಿರ್ಧಾರಗಳು ಅಷ್ಟು ದೊಡ್ಡವಾಗಿರುವುದಿಲ್ಲ. ಆದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ: ನಾನು ಹೇಳುವ ಮಾತು ನನ್ನ ಮೇಲೆಯೇ ಬಂದಾಗ ನಾನು ಏನು ಮಾಡಿದೆ?

ನೀವು ನಿಂತಿರುವ ಜಾಗ ಎಂಥದ್ದು

ಒಳ್ಳೆಯ ನಂಬಿಕೆಗಳಿದ್ದೂ ಬರಹ ಎಡವುವುದು ಇಲ್ಲಿ. ಬಹಳ ಜನ ಕಂಪನಿಯ ಮ್ಯಾನೇಜರ್ ಬರೆದಂತೆ ಬರೆಯುತ್ತಾರೆ. ‘ನಾನು ಹೊಸ ಬೋಧನಾ ಪದ್ಧತಿಯನ್ನು ಜಾರಿಗೆ ತರುತ್ತೇನೆ, ಸಂಶೋಧನೆಯ ದಿಕ್ಕನ್ನು ಬದಲಿಸುತ್ತೇನೆ.’ ಓದುತ್ತಿರುವ ಪ್ರಾಧ್ಯಾಪಕರಿಗೆ ಕೂಡಲೇ ಅನಿಸುತ್ತದೆ, ಇವರಿಗೆ ಈ ಜಾಗ ಗೊತ್ತಿಲ್ಲ.

ಆನೆ ನಡೆದದ್ದೇ ದಾರಿ ಅನ್ನುವ ಲೆಕ್ಕ ವಿಶ್ವವಿದ್ಯಾಲಯದಲ್ಲಿ ನಡೆಯುವುದಿಲ್ಲ. ಏನು ಸಂಶೋಧನೆ ಮಾಡಬೇಕು ಅಂತ ಡೀನ್ ಒಬ್ಬ ಪ್ರಾಧ್ಯಾಪಕರಿಗೆ ಆಜ್ಞೆ ಮಾಡಲು ಆಗುವುದಿಲ್ಲ. ಸಿಲಬಸ್ ಒಂದು ಸಮಿತಿಯಿಂದ ಬರುತ್ತದೆ, ನೇಮಕ ಇನ್ನೊಂದರಿಂದ, ಹಣ ಮತ್ತೊಂದು ಕಡೆಯಿಂದ. ಸಂಸ್ಥೆಗಳು ಹೇಗೆ ನಡೆಯುತ್ತವೆ ಅಂತ ಅಧ್ಯಯನ ಮಾಡಿದ ಮೈಕೆಲ್ ಕೋಹೆನ್ ಮತ್ತು ಜೇಮ್ಸ್ ಮಾರ್ಚ್ 1974ರಲ್ಲಿ ಅಮೆರಿಕದ ಕಾಲೇಜು ಅಧ್ಯಕ್ಷರ ಬಗ್ಗೆ ತಮ್ಮ ಅಧ್ಯಯನ ಪ್ರಕಟಿಸಿದಾಗ ಇಂಥ ಸಂಸ್ಥೆಗಳನ್ನು ‘ಸಂಘಟಿತ ಅರಾಜಕತೆ’ ಅಂತ ಕರೆದರು. ಅವರು ಬೈದದ್ದಲ್ಲ, ಇರುವುದನ್ನು ಹೇಳಿದ್ದು. ಗುರಿಗಳು ಒಂದೊಂದು ವಿಭಾಗಕ್ಕೆ ಒಂದೊಂದು. ಒಳ್ಳೆಯ ಪಾಠ ಹೇಗೆ ಆಗುತ್ತದೆ ಅನ್ನುವುದು ಯಾರಿಗೂ ಪೂರ್ತಿ ಸ್ಪಷ್ಟವಿಲ್ಲ. ಸಭೆಗೆ ಇವತ್ತು ಬಂದವರು ನಾಳೆ ಬರುವುದಿಲ್ಲ. 1976ರಲ್ಲಿ ಅದೇ ಕ್ಷೇತ್ರದ ವಿದ್ವಾಂಸ ಕಾರ್ಲ್ ವೈಕ್ ಶಿಕ್ಷಣ ಸಂಸ್ಥೆಗಳನ್ನು ಸಡಿಲವಾಗಿ ಜೋಡಿಸಿದ ವ್ಯವಸ್ಥೆ ಅಂದರು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಅಲುಗುವುದೇ ಇಲ್ಲ. ಬದಲಾವಣೆ ತರಲು ಹೊರಟವರಿಗೆ ಇದು ತಲೆನೋವು, ನಿಜ. ಆದರೆ ಒಂದು ವಿಭಾಗ ಕುಸಿದರೆ ಉಳಿದವು ನಿಂತಿರುತ್ತವೆ. ಎಲ್ಲೋ ಒಂದು ಮೂಲೆಯಲ್ಲಿ ಇಬ್ಬರು ಸೇರಿ ಹೊಸದೊಂದು ಪ್ರಯೋಗ ಮಾಡುವುದಕ್ಕೂ ಅದೇ ಸಡಿಲಿಕೆ ಜಾಗ ಕೊಡುತ್ತದೆ. ನನಗೆ ಈ ಕೆಲಸ ಇಷ್ಟವಾಗುವುದೂ ಅದಕ್ಕೇ.

ಅಧಿಕಾರ ಹಂಚಿಹೋಗಿರುವುದು ಬರೀ ಅಭ್ಯಾಸದಿಂದಲ್ಲ, ಒಪ್ಪಂದದಿಂದ ಕೂಡ. ಅಮೆರಿಕದಲ್ಲಿ ಪ್ರಾಧ್ಯಾಪಕರ ಸಂಘ, ಕಾಲೇಜು ಅಧ್ಯಕ್ಷರ ಕಡೆಯವರು, ಆಡಳಿತ ಮಂಡಳಿಗಳ ಕಡೆಯವರು ಸೇರಿ ರೂಪಿಸಿದ 1966ರ ಹೇಳಿಕೆಯೊಂದಿದೆ. ಪಠ್ಯಕ್ರಮ, ಬೋಧನೆಯ ವಿಧಾನ, ಸಂಶೋಧನೆ, ಶಿಕ್ಷಕರ ಸ್ಥಾನಮಾನ, ಇವುಗಳಲ್ಲಿ ಮೊದಲ ಹೊಣೆ ಶಿಕ್ಷಕರದ್ದು ಅಂತ ಅದು ಹೇಳುತ್ತದೆ. ನಿಮ್ಮ ದೇಶದ, ನಿಮ್ಮ ಸಂಸ್ಥೆಯ ನಿಯಮ ಬೇರೆ ಇರಬಹುದು. ಅರ್ಜಿ ಹಾಕುವ ಮುಂಚೆ ಅದನ್ನು ತರಿಸಿಕೊಂಡು ಓದಿ. ಆ ಹುದ್ದೆಯ ಸಹಿ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಅನ್ನುವುದು ನಿಮಗೆ ಗೊತ್ತಿರಬೇಕು.

ಇದರಿಂದ ಬರಹದಲ್ಲಿ ಆಗಬೇಕಾದ ಬದಲಾವಣೆ ಕ್ರಿಯಾಪದಗಳಲ್ಲಿ. ನಿಮ್ಮ ಕರಡಿನಲ್ಲಿ ‘ಮಾಡಿದೆ’, ‘ಜಾರಿಗೆ ತಂದೆ’ ಅಂತ ಇರುವ ಕಡೆಯೆಲ್ಲ ನಿಂತು ಕೇಳಿಕೊಳ್ಳಿ. ನಿಜವಾಗಿ ನಾನು ನಿರ್ಧರಿಸಿದೆನಾ? ಅಥವಾ ಬೇರೆಯವರನ್ನು ಒಪ್ಪಿಸಿದೆನಾ? ಅಥವಾ ಅಡ್ಡ ನಿಲ್ಲದೆ ದಾರಿ ಬಿಟ್ಟೆನಾ? ಮೂರೂ ನಾಯಕತ್ವವೇ. ಒಪ್ಪಿಸಿದ್ದನ್ನು ಒಪ್ಪಿಸಿದೆ ಅಂತ, ದಾರಿ ಬಿಟ್ಟದ್ದನ್ನು ದಾರಿ ಬಿಟ್ಟೆ ಅಂತ ಬರೆದವರನ್ನು ಸಮಿತಿಯವರು ನಂಬುತ್ತಾರೆ.

ಸಿದ್ಧಾಂತ ಬೇಕಾ?

ಬೇಕೇ ಬೇಕು ಅಂತಿಲ್ಲ. 1978ರಲ್ಲಿ ಅಮೆರಿಕದ ಇತಿಹಾಸಕಾರ ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ ಎರಡು ಬಗೆಯ ನಾಯಕತ್ವದ ವ್ಯತ್ಯಾಸ ಹೇಳಿದರು. ಕೊಟ್ಟು ಪಡೆಯುವುದು ಒಂದು, ನಾಯಕರನ್ನೂ ಜೊತೆಗಿರುವವರನ್ನೂ ಮೇಲಕ್ಕೆತ್ತಿ ಬದಲಿಸುವುದು ಇನ್ನೊಂದು. ಅದಕ್ಕೂ ಮುಂಚೆ 1970ರಲ್ಲಿ, ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿಯಲ್ಲಿ ಹತ್ತಿರ ಹತ್ತಿರ 40 ವರ್ಷ ದುಡಿದ ರಾಬರ್ಟ್ ಗ್ರೀನ್‌ಲೀಫ್, ನಾಯಕ ಮೊದಲು ಸೇವಕ ಆಗಿರಬೇಕು ಅನ್ನುವ ವಿಚಾರ ಮುಂದಿಟ್ಟರು. ಈ ಎರಡರ ಹೆಸರೂ ಅರ್ಜಿಗಳಲ್ಲಿ ಧಾರಾಳವಾಗಿ ಬರುತ್ತವೆ. ನಿಮ್ಮ ಅನುಭವವನ್ನು ಅರ್ಥ ಮಾಡಿಕೊಳ್ಳಲು ಯಾವುದೋ ಒಂದು ನಿಜವಾಗಿ ಸಹಾಯ ಮಾಡಿದ್ದರೆ ಒಂದು ಸಾಲಿನಲ್ಲಿ ಹೇಳಿ, ಅದೂ ನಿಮ್ಮ ಉದಾಹರಣೆ ಬಂದ ಮೇಲೆ. ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ. ಸಿದ್ಧಾಂತದ ಹೆಸರಿನಿಂದ ಬರಹ ಶುರು ಮಾಡಿದರೆ ನಿಮ್ಮ ದನಿ ಕೇಳಿಸುವ ಮುಂಚೆಯೇ ಬೇರೆಯವರ ದನಿ ಕೇಳಿಸುತ್ತದೆ.

ಈಗ ಬರೆಯಿರಿ

ಒಂದು ನಿರ್ಧಾರದಿಂದ ಶುರು ಮಾಡಿ. ನಂಬಿಕೆ ಆಮೇಲೆ ಬರಲಿ. ಎರಡು ಪುಟ ಅಂದರೆ ಮೂರು ನಂಬಿಕೆಗಿಂತ ಜಾಸ್ತಿಗೆ ಜಾಗ ಇಲ್ಲ. ಎರಡಿದ್ದರೂ ಸಾಕು.

ಮೊದಲ ಕರಡುಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ವಾಕ್ಯ ಹೀಗಿರುತ್ತದೆ: ‘ಸಹೋದ್ಯೋಗಿಗಳ ಅಭಿಪ್ರಾಯಗಳಿಗೆ ಮನ್ನಣೆ ನೀಡುತ್ತಾ, ಪಾರದರ್ಶಕ ಹಾಗೂ ಸಹಭಾಗಿತ್ವದ ಆಡಳಿತದಲ್ಲಿ ನಾನು ನಂಬಿಕೆ ಇಟ್ಟಿದ್ದೇನೆ.’

ಅದೇ ವ್ಯಕ್ತಿ ಪಟ್ಟಿ ಮಾಡಿದ ಮೇಲೆ ಹೀಗೆ ಬರೆಯಬಹುದು: ‘ಪ್ರಯೋಗಾಲಯಕ್ಕೆ ಬಂದ ಹಣ ಎರಡು ಉಪಕರಣಗಳಲ್ಲಿ ಒಂದಕ್ಕೆ ಮಾತ್ರ ಸಾಕಾಗುತ್ತಿತ್ತು. ನನ್ನ ಸಂಶೋಧನೆಗೆ ಬೇಕಿದ್ದ ಉಪಕರಣದ ಮೇಲೆ ನಾನು ಮತ ಹಾಕುವುದಿಲ್ಲ ಅಂತ ಸಭೆಯ ಶುರುವಿನಲ್ಲೇ ಹೇಳಿದೆ. ಎರಡರ ಬೆಲೆ, ವರ್ಷಕ್ಕೆ ಎಷ್ಟು ವಿದ್ಯಾರ್ಥಿಗಳು ಬಳಸುತ್ತಾರೆ, ದುರಸ್ತಿಗೆ ಎಷ್ಟಾಗುತ್ತದೆ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕೊಟ್ಟೆ. ವಿಭಾಗ ಇನ್ನೊಂದನ್ನು ಆರಿಸಿತು. ನನ್ನ ಒಂದು ಪ್ರಯೋಗ ಒಂದು ವರ್ಷ ತಡವಾಯಿತು. ಹಣದ ಲೆಕ್ಕ ಎಲ್ಲರ ಮುಂದೆ ಇಟ್ಟ ಮೇಲೆ ಬಂದ ತೀರ್ಮಾನ ನನಗೆ ವಿರುದ್ಧವಾಗಿದ್ದರೂ ಅದಕ್ಕೆ ನಿಲ್ಲಬೇಕು ಅನ್ನುವುದನ್ನು ನಾನು ಅಲ್ಲಿಂದ ಪಾಲಿಸುತ್ತಾ ಬಂದಿದ್ದೇನೆ.’

ಪಾರದರ್ಶಕತೆ ಅನ್ನುವ ಪದ ಎರಡನೆಯದರಲ್ಲಿ ಇಲ್ಲವೇ ಇಲ್ಲ, ನೋಡಿ. ಓದಿದವರಿಗೆ ಮಾತ್ರ ಆ ಪದವೇ ನೆನಪಾಗುತ್ತದೆ.

ಒಂದು ತಪ್ಪನ್ನೂ ಬರೆಯಿರಿ. ನಿಜವಾದ ತಪ್ಪು. ‘ನಾನು ಅತಿಯಾಗಿ ದುಡಿಯುತ್ತೇನೆ, ಅದೇ ನನ್ನ ದೌರ್ಬಲ್ಯ’ ಅನ್ನುವ ಥರದ್ದಲ್ಲ. ತಡವಾಗಿ ತೆಗೆದುಕೊಂಡ ತೀರ್ಮಾನ, ಕೇಳದೆ ಹೋದ ಒಬ್ಬರ ಮಾತು, ಆಮೇಲೆ ಅದನ್ನು ಸರಿಪಡಿಸಲು ಮಾಡಿದ್ದೇನು. ಹೀಗೆ ಬರೆದರೆ ಅಂಕ ಕಳೆದುಕೊಳ್ಳುತ್ತೇವೆ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ನಾನು ಕೂತ ಸಮಿತಿಗಳಲ್ಲಿ ತಪ್ಪನ್ನು ನೇರವಾಗಿ ಬರೆದವರನ್ನು ಇಂಟರ್‌ವ್ಯೂಗೆ ಕರೆಯಲು ಎಲ್ಲರೂ ಕೈ ಎತ್ತುತ್ತಿದ್ದರು. ಬೇರೆಯವರ ಹೆಸರು, ಗುರುತು ಸಿಗುವ ವಿವರ ಮಾತ್ರ ಬರಬಾರದು. ಘಟನೆ ನಿಮ್ಮದಾದರೂ ಅದರಲ್ಲಿ ಇದ್ದವರ ಮರ್ಯಾದೆ ಅವರದ್ದು.

ಗುರಿ ಅಂದರೆ ಯಾವ ಸಮಸ್ಯೆ

ಇನ್ನು ವೃತ್ತಿಯ ಗುರಿ. ‘ಐದು ವರ್ಷದಲ್ಲಿ ಡೀನ್, ಹತ್ತು ವರ್ಷದಲ್ಲಿ ಕುಲಪತಿ’ ಅಂತ ಬರೆಯುವುದು ತಪ್ಪೇನಲ್ಲ. ಆಸೆ ಇದ್ದರೆ ಇದೆ ಅಂತ ಹೇಳುವುದು ಪ್ರಾಮಾಣಿಕತೆಯೇ. ಆದರೆ ಅದು ನಿಮ್ಮ ಪ್ರಯಾಣದ ನಿಲ್ದಾಣಗಳ ಪಟ್ಟಿ. ಎಲ್ಲಿಗೆ ಯಾಕೆ ಹೋಗುತ್ತಿದ್ದೀರಿ ಅನ್ನುವುದು ಅದರಲ್ಲಿ ಇಲ್ಲ.

ಹಾಗಾಗಿ ಮೊದಲು ಒಂದು ಸಮಸ್ಯೆ ಆರಿಸಿ. ಹತ್ತು ವರ್ಷ ಅದರ ಜೊತೆ ಬದುಕಿದರೂ ನಿಮಗೆ ಬೇಸರ ಬರಬಾರದು, ಅಂಥದ್ದು. ಮೊದಲ ತಲೆಮಾರಿನ ವಿದ್ಯಾರ್ಥಿಗಳು ಎರಡನೇ ಸೆಮಿಸ್ಟರ್‌ನಲ್ಲೇ ಕಾಲೇಜು ಬಿಡುವುದು. ತಾತ್ಕಾಲಿಕ ಉಪನ್ಯಾಸಕರಿಗೆ ವರ್ಷದಿಂದ ವರ್ಷಕ್ಕೆ ಭದ್ರತೆ ಇಲ್ಲದಿರುವುದು. ಪಿಎಚ್‌ಡಿ ಮಕ್ಕಳು ವರ್ಷಗಟ್ಟಲೆ ಮುಗಿಸಲಾಗದೆ ಒದ್ದಾಡುವುದು. ನಿಮಗೆ ಯಾವುದು ನಿದ್ದೆ ಕೆಡಿಸುತ್ತದೋ ಅದು.

ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಫ್ರೀಮನ್ ಹ್ರಬೌಸ್ಕಿ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಸಂಸ್ಥೆಗೆ, ಅಂದರೆ ಯುಎಂಬಿಸಿಗೆ, 1992ರಿಂದ 2022ರವರೆಗೆ ಅಧ್ಯಕ್ಷರಾಗಿದ್ದವರು. ಅವರ ಹೆಸರು ಬಂದಾಗ ಎಲ್ಲರೂ ಹೇಳುವ ಮೇಯರ್‌ಹಾಫ್ ವಿದ್ಯಾರ್ಥಿ ಕಾರ್ಯಕ್ರಮ ಶುರುವಾದದ್ದು 1988ರಲ್ಲಿ, ಅವರು ಅಧ್ಯಕ್ಷರಾಗುವ ನಾಲ್ಕು ವರ್ಷ ಮುಂಚೆ. ವಿಜ್ಞಾನ, ಎಂಜಿನಿಯರಿಂಗ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಪಿಎಚ್‌ಡಿವರೆಗೆ ಹೋಗುವುದು ಬಹಳ ಕಡಿಮೆ ಅನ್ನುವ ಒಂದೇ ಸಮಸ್ಯೆಯನ್ನು ಹಿಡಿದುಕೊಂಡರು. ಗುಂಪಾಗಿ ಕೂತು ಓದುವುದು, ಕಾಲೇಜು ಶುರುವಾಗುವ ಮುಂಚೆ ಬೇಸಿಗೆಯ ತಯಾರಿ, ಬೇಗನೆ ಸಂಶೋಧನೆಗೆ ಕೈ ಹಾಕಿಸುವುದು, ಹೀಗೆ ಕೆಲಸ ಮಾಡುತ್ತಾ ಹೋದರು. ಕುರ್ಚಿ ಆಮೇಲೆ ಬಂತು. ಬಂದಾಗ ಅದನ್ನು ಯಾತಕ್ಕೆ ಬಳಸಬೇಕು ಅನ್ನುವುದು ಅವರಿಗೆ ಆಗಲೇ ಗೊತ್ತಿತ್ತು.

ಸಮಸ್ಯೆ ಸಿಕ್ಕ ಮೇಲೆ ಅದಕ್ಕೆ ಅಳತೆ ಇಡಿ. ‘ಉನ್ನತ ಶಿಕ್ಷಣ ಎಲ್ಲರಿಗೂ ಸಿಗಬೇಕು’ ಅನ್ನುವುದು ಆಶಯ. ಆಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಮುಂದಾಳತ್ವದಲ್ಲಿ 1960ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಮಾಡಿದ ಯೋಜನೆ ಅದೇ ಆಶಯವನ್ನು ಅಂಕಿಗೆ ಇಳಿಸಿತು. ಹೈಸ್ಕೂಲ್ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಮೇಲಿನ ಮೂರನೇ ಒಂದು ಭಾಗಕ್ಕೆ ರಾಜ್ಯ ಕಾಲೇಜುಗಳು, ಕಲಿಯಬಲ್ಲ ಉಳಿದ ಎಲ್ಲರಿಗೂ ಎರಡು ವರ್ಷದ ಕಾಲೇಜುಗಳು. ಆ ವಿಂಗಡಣೆ ಸರಿಯೋ ತಪ್ಪೋ ಅಂತ ಈಗಲೂ ವಾದ ನಡೆಯುತ್ತದೆ. ಅಂಕಿ ಇದ್ದದ್ದರಿಂದಲೇ ವಾದ ಮಾಡಲು ಆಗುತ್ತಿರುವುದು. ನಿಮ್ಮ ಗುರಿಯಲ್ಲೂ ಹಾಗೆ, ಐದು ವರ್ಷದ ನಂತರ ಯಾರಾದರೂ ಬಂದು ‘ಆಯಿತಾ, ಇಲ್ಲವಾ’ ಅಂತ ಕೇಳಿದರೆ ಉತ್ತರ ಹೇಳಲು ಬರುವಂತಿರಬೇಕು.

ಆಮೇಲೆ ಕಾಲದ ಲೆಕ್ಕ. ಎರಡು ವರ್ಷದಲ್ಲಿ ಈಗಿರುವ ಜಾಗದಿಂದಲೇ ಏನು ಮಾಡಬಹುದು? ಐದು ವರ್ಷದಲ್ಲಿ ಏನು ಆಗಬೇಕು, ಅದಕ್ಕೆ ಯಾವ ಹುದ್ದೆಯ ಅಧಿಕಾರ ಬೇಕು? ಅದಕ್ಕೂ ಮುಂದಿನದ್ದನ್ನು ಒಂದೇ ಸಾಲಿನಲ್ಲಿ ಹೇಳಿ, ಸಾಕು. ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಗಳೇ ವಿಷಯ ಆರಿಸಿಕೊಳ್ಳುವ ಪದ್ಧತಿಯನ್ನು ಬೆಳೆಸಿದ ಚಾರ್ಲ್ಸ್ ಎಲಿಯಟ್ 1869ರಿಂದ 1909ರವರೆಗೆ, ಪೂರ್ತಿ 40 ವರ್ಷ ಅಧ್ಯಕ್ಷರಾಗಿದ್ದರು. ವಿಭಾಗ ಮುಖ್ಯಸ್ಥರ ಅವಧಿ ಬಹಳ ಕಡೆ ಮೂರರಿಂದ ಐದು ವರ್ಷ. ಆ ಅವಧಿಯಲ್ಲಿ ಶುರು ಮಾಡಿ, ಇನ್ನೊಬ್ಬರ ಕೈಗೆ ಒಪ್ಪಿಸಿ ಹೋಗಲು ಆಗುವಷ್ಟು ಗುರಿ ಇಟ್ಟುಕೊಳ್ಳಿ. ಹೇಗೆ ಒಪ್ಪಿಸುತ್ತೀರಿ ಅನ್ನುವುದನ್ನೂ ಬರೆಯಿರಿ. ಇದನ್ನು ಬರೆಯುವವರು ಬಹಳ ಕಡಿಮೆ.

ನಿಮಗೆ ಇನ್ನೂ ಬಾರದ ವಿದ್ಯೆಗಳ ಬಗ್ಗೆಯೂ ಒಂದು ಪ್ಯಾರಾ ಇರಲಿ. ಪಾಠದಿಂದ ಆಡಳಿತಕ್ಕೆ ಬರುವವರಿಗೆ ಸಾಮಾನ್ಯವಾಗಿ ಬಜೆಟ್ ಓದಲು ಬರುವುದಿಲ್ಲ. ಇದನ್ನು ಕಲಿಯಲು ಕೋರ್ಸ್‌ಗೆ ಕಾಯಬೇಡಿ. ನಿಮ್ಮ ವಿಭಾಗದ ಕಳೆದ ಮೂರು ವರ್ಷದ ಲೆಕ್ಕ ಕೇಳಿ ತೆಗೆದುಕೊಳ್ಳಿ. ಹಣಕಾಸು ಕಚೇರಿಯವರ ಹತ್ತಿರ ಒಂದು ಗಂಟೆ ಕೂತು ಸಾಲು ಸಾಲಾಗಿ ಕೇಳಿ: ಇದರಲ್ಲಿ ಸಂಬಳ ಎಷ್ಟು, ಕಡ್ಡಾಯ ಖರ್ಚು ಎಷ್ಟು, ಮುಖ್ಯಸ್ಥರು ತಮ್ಮ ಕೈಯಾರೆ ಅತ್ತಿತ್ತ ಮಾಡಬಹುದಾದದ್ದು ಎಷ್ಟು? ಆ ಕೊನೆಯ ಅಂಕಿ ಎಷ್ಟು ಸಣ್ಣದು ಅಂತ ನೋಡಿದ ಮೇಲೆ ನಿಮ್ಮ ಗುರಿಗಳ ಭಾಷೆಯೇ ಬದಲಾಗುತ್ತದೆ. ಕಷ್ಟದ ಮಾತು ಆಡುವುದು ಇನ್ನೊಂದು ವಿದ್ಯೆ. ಬಡ್ತಿ ಸಿಗದವರಿಗೆ ಅದನ್ನು ಹೇಳುವುದು, ದೂರು ಬಂದವರ ಎದುರು ಕೂರುವುದು. ಇದನ್ನು ಚೆನ್ನಾಗಿ ಮಾಡುವ ಹಿರಿಯರೊಬ್ಬರನ್ನು ಹುಡುಕಿ, ಹೇಗೆ ಮಾಡುತ್ತೀರಿ ಅಂತ ನೇರವಾಗಿ ಕೇಳಿ. ಯಾರೂ ಇಲ್ಲ ಅನ್ನುವುದಿಲ್ಲ.

ಇನ್ನೊಂದು ಮಾತು, ನಿಮಗೆ ನೀವೇ ಉತ್ತರಿಸಿಕೊಳ್ಳಬೇಕಾದದ್ದು. ಆಡಳಿತಕ್ಕೆ ಹೋದರೆ ತರಗತಿ ಕಡಿಮೆಯಾಗುತ್ತದೆ, ಸಂಶೋಧನೆ ಹಿಂದೆ ಬೀಳುತ್ತದೆ, ನಿನ್ನೆಯವರೆಗೆ ಗೆಳೆಯರಾಗಿದ್ದವರು ಸ್ವಲ್ಪ ದೂರ ಸರಿಯುತ್ತಾರೆ. ಇದನ್ನು ಲೆಕ್ಕ ಹಾಕಿಯೇ ಮುಂದೆ ಹೋಗಬೇಕು. ಲೆಕ್ಕ ಹಾಕಿದ ಮೇಲೆ ‘ನನಗೆ ಬೇಡ’ ಅನಿಸಿದರೆ ಅದೂ ಒಂದು ಪೂರ್ಣವಾದ ವೃತ್ತಿ ಗುರಿಯೇ. ಒಂದು ಅವಧಿ ಮುಖ್ಯಸ್ಥರಾಗಿ ಇದ್ದು ಮತ್ತೆ ಪಾಠಕ್ಕೆ ಮರಳುತ್ತೇನೆ ಅಂತ ಧೈರ್ಯವಾಗಿ ಬರೆಯಿರಿ. ಮರಳಿ ಬಂದವರಿರುವ ವಿಭಾಗ ಗಟ್ಟಿಯಾಗಿರುತ್ತದೆ. ಮುಂದಿನ ಮುಖ್ಯಸ್ಥರ ಕಷ್ಟ ಅರ್ಥವಾಗುವ ಒಬ್ಬರಾದರೂ ಅಲ್ಲಿ ಇರುತ್ತಾರೆ.

ಮೂವರಿಗೆ ತೋರಿಸಿ

ಕಳಿಸುವ ಮುಂಚೆ ಎರಡು ಭಾಗಗಳನ್ನು ಅಕ್ಕಪಕ್ಕ ಇಟ್ಟು ಓದಿ. ನಿಲುವಿನಲ್ಲಿ ಮೊದಲ ವರ್ಷದ ಮಕ್ಕಳ ಬಗ್ಗೆ ಬರೆದು ಗುರಿಯಲ್ಲಿ ಬರೀ ಸಂಶೋಧನಾ ಅನುದಾನದ ಬಗ್ಗೆ ಬರೆದಿದ್ದರೆ ಎರಡರಲ್ಲಿ ಒಂದು ನಿಮ್ಮದಲ್ಲ. ಯಾವುದು ಅಂತ ನಿಮಗೇ ಗೊತ್ತಾಗುತ್ತದೆ.

ಆಮೇಲೆ ಮೂರು ಜನರಿಗೆ ಕೊಡಿ. ನಿಮ್ಮ ಕೈ ಕೆಳಗೆ ಕೆಲಸ ಮಾಡಿದ ಒಬ್ಬರಿಗೆ. ಯಾವುದೋ ಸಭೆಯಲ್ಲಿ ನಿಮ್ಮನ್ನು ವಿರೋಧಿಸಿದ, ಆದರೆ ನೀವು ಗೌರವಿಸುವ ಒಬ್ಬರಿಗೆ. ವಿಶ್ವವಿದ್ಯಾಲಯದ ಹೊರಗಿನ ಒಬ್ಬರಿಗೆ. ಮೊದಲನೆಯವರನ್ನು ಕೇಳಿ: ಇದರಲ್ಲಿ ನಾನು ಕಾಣುತ್ತೇನಾ? ಎರಡನೆಯವರನ್ನು ಕೇಳಿ: ಇದರಲ್ಲಿ ಎಲ್ಲಿ ನಾನು ನನಗೆ ಬೇಕಾದಂತೆ ಹೇಳಿಕೊಂಡಿದ್ದೇನೆ? ಮೂರನೆಯವರಿಗೆ ಅರ್ಥವಾಗದ ಪದಗಳಿಗೆ ಗೆರೆ ಎಳೆಯಲು ಹೇಳಿ, ಆ ಪದಗಳನ್ನೆಲ್ಲ ತೆಗೆಯಿರಿ.

ಇಂಟರ್‌ವ್ಯೂಗೆ ಹೋಗುವ ದಿನ ಈ ಎರಡು ಪುಟವನ್ನು ಬಾಯಿಪಾಠ ಮಾಡಬೇಡಿ. ನಿರ್ಧಾರಗಳ ನೋಟ್‌ಬುಕ್ ತೆಗೆದು ಓದಿಕೊಳ್ಳಿ. ‘ನಿಮ್ಮ ಮಾತನ್ನು ಯಾರೂ ಕೇಳದಿದ್ದಾಗ ಏನು ಮಾಡಿದಿರಿ?’, ‘ಹಣ ಅರ್ಧಕ್ಕೆ ಇಳಿದರೆ ಮೊದಲು ಏನು ನಿಲ್ಲಿಸುತ್ತೀರಿ?’ ಇಂಥ ಪ್ರಶ್ನೆಗಳಿಗೆ ಉತ್ತರ ಇರುವುದು ಅಲ್ಲಿಯೇ.

ಹುದ್ದೆ ಸಿಕ್ಕ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಆ ಎರಡು ಪುಟವನ್ನು ಇನ್ನು ಮುಂದೆ ನಿಮ್ಮ ಜೊತೆ ಕೆಲಸ ಮಾಡುವವರಿಗೆ ಓದಲು ಕೊಡಿ. ವರ್ಷಕ್ಕೊಮ್ಮೆ ಮತ್ತೆ ಕೊಡಿ. ನಾನು ಎರಡನೇ ವರ್ಷ ಕೊಟ್ಟಾಗ, ಆ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದ ಹಿರಿಯರು ಒಂದು ಸಾಲಿನ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ‘ಈ ಸೆಮಿಸ್ಟರ್‌ಗೂ ಇದು ಅನ್ವಯಿಸುತ್ತದಾ?’ ಅಂತ ಬರೆದು ವಾಪಸ್ ಕೊಟ್ಟರು. ಹಂಚುವವರ ಹೆಸರು ಮೊದಲು ಬರಬೇಕು ಅನ್ನುವ ಸಾಲು ಅದು. ಡ್ರಾಯರ್ ತೆಗೆದು ಟೈಮ್ ಟೇಬಲ್ ನೋಡಿದೆ. 8ರ ತರಗತಿಗಳಲ್ಲಿ ನನ್ನ ಹೆಸರು ಇರಲಿಲ್ಲ. ರಬ್ಬರ್, ಪೆನ್ಸಿಲ್ ಎರಡನ್ನೂ ತೆಗೆದುಕೊಂಡು ಅವರ ರೂಮಿಗೆ ಹೋದೆ.